ಸಂಪಾದಕರ ಉತ್ತರ: ನಿಮಗೆ ಉಸಿರು ಕಟ್ಟಿದ್ದು ಸುಳ್ಳಲ್ಲ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ಸಂಪಾದಕರಿಗೆ ನಮಸ್ಕಾರ. ಎರಡು ತಿಂಗಳಿಂದ ಮನೇಲೇ ಕೂತು ಐದು ಸಿನಿಮಾ ನೋಡ್ದೆ. ಒಂದೊಂದಕ್ಕೂ ನೋಟ್‌ಬುಕ್ಕಲ್ಲಿ ನಾಲ್ಕು ಸಾಲು ಬರ್ಕೊಂಡಿದೀನಿ. 'ಟ್ವೆಲ್ವ್ ಆ್ಯಂಗ್ರಿ ಮೆನ್' ನೋಡ್ತಾ ಉಸಿರು ಕಟ್ಟಿದ ಹಾಗಾಯ್ತು, ಒಂದು ರೂಮು, ಹನ್ನೆರಡು ಜನ, ಬರೀ ಮಾತು, ಯಾವಾಗ ಮುಗಿಯತ್ತೋ ಅನ್ನಿಸ್ತು, ಕೊನೇಲಿ ಹೊರಗೆ ಬಂದಾಗ ಸಮಾಧಾನ ಆಯ್ತು. 'ಶಾಶಾಂಕ್ ರಿಡೆಂಪ್ಷನ್'ನಲ್ಲಿ ಹೀರೋಗಿಂತ ಆ ಲೈಬ್ರರಿ ನೋಡ್ಕೊಳ್ಳೋ ಮುದುಕಪ್ಪನೇ ನನ್ನ ಜಾಸ್ತಿ ಅಳಿಸಿದ್ದು. ಮೂರನೇದು ಒಂದು ಹೊಸ ದೊಡ್ಡ ಬಜೆಟ್ ಸಿನಿಮಾ, ನೋಡೋಕೆ ಸೀರಿಯಲ್ ತರ ಇತ್ತು, ಕ್ಯಾಮೆರಾ ಚೀಪ್, ಮಾತಂತೂ ಕೇಳಿಸ್ಲೇ ಇಲ್ಲ. ನಾಲ್ಕನೇದನ್ನ 40 ನಿಮಿಷಕ್ಕೆ ಆಫ್ ಮಾಡಿ ಒಂದು ಸ್ಟಾರ್ ಕೊಟ್ಟೆ. ಐದನೇದು ಸುಮ್ನೆ ಇಷ್ಟ ಆಯ್ತು. ಇದನ್ನೆಲ್ಲ ಮಗನ ಹತ್ರ ಹೇಳಿದ್ರೆ, 'ಅಮ್ಮ, ಅವೆಲ್ಲ ಕ್ಲಾಸಿಕ್ಸು, ನಿಂಗೆ ಅರ್ಥ ಆಗಿಲ್ಲ, ಮನೇಲಿ ಮಧ್ಯೆ ಮಧ್ಯೆ ಎದ್ದು ಹೋಗಿ ನೋಡಿ ಒಪೀನಿಯನ್ ಕೊಡಬೇಡ' ಅಂದ. ಸಿನಿಮಾ ಬಗ್ಗೆ ಓದಿದವಳಲ್ಲ ನಾನು. ನನ್ನಂಥೋರು ಅಭಿಪ್ರಾಯ ಹೇಳಬಹುದಾ? ಹೇಳೋದಾದ್ರೆ ಹೇಗೆ? ದಯವಿಟ್ಟು ಹೆಸರು ಹಾಕಬೇಡಿ."

ನಮಸ್ಕಾರ ಮೇಡಂ,

ಹೆಸರು ಹಾಕಲ್ಲ. ಆದ್ರೆ ನಿಮ್ಮ ಪತ್ರ ಬಂದ ದಿನದಿಂದ ನನ್ನ ಟೇಬಲ್ ಮೇಲೇ ಇದೆ, ಒಂದು ಸಾಲಲ್ಲಿ "ಹೇಳಬಹುದು, ಧಾರಾಳವಾಗಿ ಹೇಳಿ" ಅಂತ ಬರೆದು ಕಳಿಸೋಕೆ ಮನಸ್ಸು ಬರ್ಲಿಲ್ಲ, ಯಾಕಂದ್ರೆ ನೀವು ಬರೆದಿರೋ ಐದು ಅಭಿಪ್ರಾಯದಲ್ಲಿ ಎರಡು ನಾನು ಇತ್ತೀಚೆಗೆ ಓದಿದ ಎಷ್ಟೋ ವಿಮರ್ಶೆಗಿಂತ ಚೆನ್ನಾಗಿವೆ, ಒಂದು ಸರಿಯಾಗಿದ್ರೂ ತಪ್ಪು ಆರೋಪಿನ ಹಿಡ್ಕೊಂಡಿದೆ, ಒಂದು ಅರ್ಧಕ್ಕೇ ನಿಂತಿದೆ, ಇನ್ನೊಂದನ್ನ ನೀವು ಹೇಳೇ ಇಲ್ಲ.

ಮೊದಲು ಆ ಹನ್ನೆರಡು ಜನರ ರೂಮಿಗೆ ಹೋಗೋಣ.

ನಿಮಗೆ ಉಸಿರು ಕಟ್ಟಿತು ಅಂದ್ರಿ. ಮಗ ಅದನ್ನ ಅರ್ಥ ಆಗದೇ ಇರೋದರ ಲಕ್ಷಣ ಅಂದ್ಕೊಂಡ. ಆದ್ರೆ ಆ ಸಿನಿಮಾನ ಕಟ್ಟಿರೋದೇ ನೋಡೋರಿಗೆ ಹಾಗೆ ಆಗ್ಲಿ ಅಂತ. 1957ರ ಸಿನಿಮಾ, ಡೈರೆಕ್ಟರ್ ಸಿಡ್ನಿ ಲ್ಯೂಮೆಟ್ ಅವರ ಮೊದಲನೇ ಸಿನಿಮಾ, ಒಂದು ಕೊಲೆ ಕೇಸಲ್ಲಿ ಆರೋಪಿ ತಪ್ಪಿತಸ್ಥನಾ ಅಲ್ವಾ ಅಂತ ತೀರ್ಮಾನಿಸೋಕೆ ಕೂತ ಹನ್ನೆರಡು ಜನ ಸಾಮಾನ್ಯರ, ಅಂದ್ರೆ ಜ್ಯೂರಿಯ ಕತೆ, 96 ನಿಮಿಷ, ಅದರಲ್ಲಿ ಮೂರೇ ಮೂರು ನಿಮಿಷದಷ್ಟು ಬಿಟ್ರೆ ಪೂರ್ತಿ ಆ ಜ್ಯೂರಿ ರೂಮು ಮತ್ತೆ ಅದಕ್ಕೆ ಅಂಟಿಕೊಂಡಿರೋ ಬಾತ್‌ರೂಮು ಅಷ್ಟೇ. ಲ್ಯೂಮೆಟ್ ಏನ್ ಮಾಡಿದ್ರು ಅಂದ್ರೆ, ಸಿನಿಮಾದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾನ ಕಣ್ಣಿನ ಮಟ್ಟಕ್ಕಿಂತ ಮೇಲಿಟ್ರು, ಮಧ್ಯದ ಭಾಗಕ್ಕೆ ಕಣ್ಣಿನ ಮಟ್ಟಕ್ಕೇ ತಂದ್ರು, ಕೊನೇ ಭಾಗದಲ್ಲಿ ಅದಕ್ಕಿಂತ ಕೆಳಗಿಳಿಸಿದ್ರು, ಹಾಗಾಗಿ ಕೊನೆಗೆ ಬರ್ತಾ ಬರ್ತಾ ರೂಮಿನ ಸೀಲಿಂಗ್ ಕಾಣೋಕೆ ಶುರುವಾಗತ್ತೆ, ತಲೆ ಮೇಲೆ ಕೂತಿರೋ ಹಾಗೆ. ಜೊತೆಗೆ ಲೆನ್ಸ್ ಕೂಡ ಬದಲಾಗ್ತಾ ಹೋಗತ್ತೆ. ಶುರುವಲ್ಲಿ ಅಗಲವಾಗಿ ತೋರಿಸೋ ಲೆನ್ಸು, ಆಮೇಲೆ ಉದ್ದನೆ ಲೆನ್ಸು, ಅದರಿಂದ ಹಿಂದಿನ ಗೋಡೆ ಮುಂದೆ ಬಂದು ಆ ಮನುಷ್ಯರ ಬೆನ್ನಿಗೇ ಅಂಟಿದ ಹಾಗೆ ಕಾಣತ್ತೆ. ಗೋಡೆ ಒಂದಿಂಚೂ ಅಲ್ಲಾಡಿಲ್ಲ, ನಮಗೆ ಮಾತ್ರ ರೂಮು ಚಿಕ್ಕದಾಗ್ತಾ ಹೋಗತ್ತೆ. ಅದ್ರ ಮೇಲೆ ಬೇಸಿಗೆ, ಬೆವರು, ತಿರುಗದೇ ಇರೋ ಫ್ಯಾನು. ಆ ಫ್ಯಾನ್ ಕೆಟ್ಟಿದೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಮಳೆ ಬಂದು ಕತ್ತಲಾಗಿ ಲೈಟ್ ಹಾಕಿದಾಗ ಅದು ತಾನಾಗೇ ತಿರುಗತ್ತೆ.

ಈಗ ನಿಮ್ಮ ಇನ್ನೊಂದು ಸಾಲು ನೋಡಿ. "ಕೊನೇಲಿ ಹೊರಗೆ ಬಂದಾಗ ಸಮಾಧಾನ ಆಯ್ತು." ಕೋರ್ಟಿನ ಮೆಟ್ಟಿಲ ಮೇಲಿನ ಆ ಕೊನೇ ಶಾಟ್‌ಗೆ ಲ್ಯೂಮೆಟ್ ಮತ್ತೆ ಅಗಲದ ಲೆನ್ಸ್ ಹಾಕಿದ್ರು, ನಮಗೆಲ್ಲ ಗಾಳಿ ಸಿಗ್ಲಿ, ಉಸಿರಾಡೋಕೆ ಆಗ್ಲಿ ಅಂತಾನೇ ಹಾಗೆ ಮಾಡಿದ್ದು ಅಂತ ಅವರೇ ಆಮೇಲೆ ಬರೆದಿದ್ದಾರೆ. ನೀವು ಲೆನ್ಸ್ ಅನ್ನೋ ಪದ ಬಳಸದೇ, ಕ್ಯಾಮೆರಾ ಎಲ್ಲಿತ್ತು ಅಂತ ಗಮನಿಸದೇ, ನಿಮ್ಮ ಎದೆ ಬಿಗಿದಿದ್ದನ್ನ ಮತ್ತೆ ಸಡಿಲ ಆಗಿದ್ದನ್ನ ಬರ್ಕೊಂಡಿದೀರಿ, ಎರಡೂ ಸರಿಯಾದ ಜಾಗದಲ್ಲೇ ಆಗಿದೆ. ಇದಕ್ಕಿಂತ ಚೆನ್ನಾಗಿ ಆ ಸಿನಿಮಾನ ಅರ್ಥ ಮಾಡ್ಕೊಳ್ಳೋದು ಹೇಗೆ ಅಂತ ನನಗಂತೂ ಗೊತ್ತಿಲ್ಲ. ನಿಮಗೆ ಗೊತ್ತಾಗದೇ ಇದ್ದಿದ್ದು ಒಂದೇ, ಅದು ನಿಮ್ಮ ಕೊರತೆ ಅಲ್ಲ, ಅವರ ಕೆಲಸ ಅನ್ನೋದು.

ಹಾಗಂತ ನಿಮಗೆ ಆ ಸಿನಿಮಾ ಇಷ್ಟ ಆಗ್ಲೇಬೇಕು ಅಂತೇನಿಲ್ಲ. ಉಸಿರು ಕಟ್ಟಿಸೋದು ಅವರ ಉದ್ದೇಶ ಆಗಿತ್ತು, ಸರಿ, ನನಗೆ ಆ ಅನುಭವ ಬೇಡ ಅಂತ ಹೇಳೋ ಹಕ್ಕು ನಿಮಗೆ ಪೂರ್ತಿ ಇದೆ, "ಕ್ಲಾಸಿಕ್" ಅನ್ನೋದು ವಾದ ಅಲ್ಲ. ಅಂದಹಾಗೆ ಮಗನಿಗೆ ಇನ್ನೊಂದು ವಿಷಯ ಹೇಳಿ. ಈ ಕತೆ ಮೊದಲು ಬಂದಿದ್ದು ಥಿಯೇಟರಲ್ಲಿ ಅಲ್ಲ. ರೆಜಿನಾಲ್ಡ್ ರೋಸ್ ಅದನ್ನ ಟೀವಿಗೆ ಅಂತ ಬರೆದಿದ್ದು, 1954ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್ಲಲ್ಲಿ ಲೈವ್ ನಾಟಕವಾಗಿ ಬಂತು, ಜನ ಅದನ್ನ ಮೊದಲು ನೋಡಿದ್ದು ಅವರವರ ಮನೇಲಿ ಕೂತ್ಕೊಂಡೇ.

ಶಾಶಾಂಕ್ ವಿಷಯಕ್ಕೆ ಬರ್ತೀನಿ, ಇದನ್ನ ಇನ್ನೂ ನೋಡಿಲ್ಲದ ಓದುಗರು ದಯವಿಟ್ಟು ಇಲ್ಲಿಂದ ಎರಡು ಪ್ಯಾರಾ ಬಿಟ್ಟು ಮುಂದೆ ಹೋಗಿ, ಕತೆ ಹೇಳದೇ ಇದನ್ನ ಮಾತಾಡೋಕೆ ಆಗಲ್ಲ.

ಆ ಮುದುಕಪ್ಪ ಅಂದ್ರೆ ಬ್ರೂಕ್ಸ್. 1905ರಲ್ಲಿ ಜೈಲಿಗೆ ಬಂದೋನು, 1954ರಲ್ಲಿ ಹೊರಗೆ ಬಿಡ್ತಾರೆ. ಒಳಗಿದ್ದಷ್ಟು ದಿನ ಅವನಿಗೂ ಒಂದು ಬೆಲೆ ಇರತ್ತೆ, ಪುಸ್ತಕದ ಗಾಡಿ ತಳ್ಕೊಂಡು ಬರ್ತಾನೆ, ಜೇಬಲ್ಲಿ ಒಂದು ಕಾಗೆ ಮರಿ ಸಾಕ್ತಾನೆ. ಹೊರಗೆ ಬಂದ ಮೇಲೆ ರಸ್ತೆ ದಾಟೋಕೂ ಹೆದರ್ತಾನೆ, ಚಿಕ್ಕೋನಿದ್ದಾಗ ಒಂದೇ ಒಂದು ಮೋಟಾರು ಗಾಡಿ ನೋಡಿದ್ದೆ, ಈಗ ಎಲ್ಲಿ ನೋಡಿದ್ರೂ ಅವೇ ಅಂತ ಜೈಲಿನ ಗೆಳೆಯರಿಗೆ ಕಾಗದ ಬರೀತಾನೆ. ಪಾರ್ಕಲ್ಲಿ ಕೂತು ಹಕ್ಕಿಗಳಿಗೆ ತಿನ್ನಿಸ್ತಾನೆ, ತಾನು ಹಾರಿಬಿಟ್ಟ ಆ ಕಾಗೆ ಎಲ್ಲಾದ್ರೂ ಬಂದು ಮಾತಾಡಿಸತ್ತೇನೋ ಅಂತ ಕಾಯ್ತಾನೆ. ಅದು ಬರಲ್ಲ. ಆಮೇಲೆ ರೂಮಿನ ತೊಲೆ ಮೇಲೆ ತನ್ನ ಹೆಸರು ಕೆತ್ತಿ ಜೀವ ಬಿಡ್ತಾನೆ. ಜೇಮ್ಸ್ ವಿಟ್‌ಮೋರ್ ಮಾಡಿರೋ ಪಾತ್ರ ಅದು, ಒಟ್ಟು ಸಿನಿಮಾದಲ್ಲಿ ಸ್ವಲ್ಪ ಹೊತ್ತೇ ಇರೋದು.

"ಹೀರೋ ತಪ್ಪಿಸ್ಕೊಳ್ಳೋದೇ ಕತೆ, ಮುದುಕನದ್ದು ಸೈಡ್ ಟ್ರ್ಯಾಕು" ಅಂತ ನಿಮ್ಮ ಮಗನೂ ಅಂದಿರಬಹುದು, ತುಂಬ ಜನ ಹಾಗೇ ಅಂತಾರೆ. ಆದ್ರೆ ಯೋಚನೆ ಮಾಡಿ, ಹೀರೋನ ಜೈಲು ಗೆಳೆಯ ರೆಡ್ ಜೈಲಿಂದ ಹೊರಗೆ ಬಂದಾಗ ಅವನಿಗೆ ಸಿಗೋ ರೂಮು ಯಾವ್ದು? ಬ್ರೂಕ್ಸ್ ಇದ್ದ ಅದೇ ರೂಮು. ಅವನ ತಲೆ ಮೇಲೆ ಅದೇ ತೊಲೆ, ಅದೇ ಹೆಸರು. ಕೊನೇ ಇಪ್ಪತ್ತು ನಿಮಿಷದಲ್ಲಿ ನಮ್ಮ ಹೊಟ್ಟೆ ತೊಳಸೋದು ಹೀರೋ ಬಗ್ಗೆ ಅಲ್ಲ, ಅವನು ಆಗ್ಲೇ ಹೋಗಿಯಾಯ್ತು, ಈ ರೆಡ್ ಕೂಡ ಬ್ರೂಕ್ಸ್ ದಾರೀನೇ ಹಿಡೀತಾನಾ ಅನ್ನೋ ಭಯ ಅದು. ಬ್ರೂಕ್ಸ್‌ಗಾಗಿ ಅಳದೇ ಇದ್ದೋರಿಗೆ ಕೊನೇ ಸಮುದ್ರದ ದಂಡೆ ಬರೀ ಒಂದು ಒಳ್ಳೆ ಲೊಕೇಶನ್, ಅಷ್ಟೇ. ಅವನಿಗಾಗಿ ಕಣ್ಣೀರು ಹಾಕಿದ ನಿಮಗೆ ಅದು ಏನಾಗಿತ್ತು ಅಂತ ನೀವು ಬರೆದಿಲ್ಲ, ಬರೀಬೇಕಿತ್ತು. ಇನ್ನು ಮನೇಲಿ ನೋಡಿದ್ದಕ್ಕೆ ಬೆಲೆ ಇಲ್ಲ ಅನ್ನೋ ಮಾತಿಗೆ ಈ ಸಿನಿಮಾಗಿಂತ ಒಳ್ಳೆ ಉತ್ತರ ಬೇಕಾ? 1994ರಲ್ಲಿ ಥಿಯೇಟರಿಗೆ ಬಂದಾಗ ಹಾಕಿದ ದುಡ್ಡು ವಾಪಸ್ ಬರ್ಲಿಲ್ಲ, 7 ಆಸ್ಕರ್ ನಾಮಿನೇಶನ್ ಸಿಕ್ಕಿ ಒಂದೂ ಗೆಲ್ಲಲಿಲ್ಲ. ಅದನ್ನ ಎತ್ತಿ ಹಿಡಿದೋರು ಆಮೇಲೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ತಂದು ನೋಡಿದೋರು, ಟೀವಿಲಿ ಮತ್ತೆ ಮತ್ತೆ ಹಾಕಿದಾಗ ಮಧ್ಯದಿಂದ ಶುರು ಮಾಡಿ ಕೊನೇವರೆಗೂ ಕೂತೋರು. ಅಂದ್ರೆ ನಿಮ್ಮ ಹಾಗೆ ಮಧ್ಯೆ ಮಧ್ಯೆ ಎದ್ದು ಹೋಗಿ ಬರೋ ಜನಾನೇ.

ಮೂರನೇದು. ಇಲ್ಲಿ ನಾನು ನಿಮ್ಮ ಪಕ್ಷ ಅಲ್ಲ, ಆ ಸಿನಿಮಾದ ಪಕ್ಷ, ಅದಕ್ಕೇ ಅದರ ಹೆಸರು ಕೂಡ ಹಾಕಿಲ್ಲ.

"ಸೀರಿಯಲ್ ತರ ಕಾಣ್ತು" ಅಂದ್ರಿ. ನೀವು ನೋಡಿದ್ದು ನಿಜ, ನೂರಕ್ಕೆ ನೂರು ನಿಜ, ಆದ್ರೆ ಮಾಡಿದ್ದು ಕ್ಯಾಮೆರಾಮನ್ ಅಲ್ಲ, ಬಹುಶಃ ನಿಮ್ಮ ಟೀವಿ. ಸಿನಿಮಾನ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಶೂಟ್ ಮಾಡ್ತಾರೆ, ಸಿನಿಮಾಗೆ ಮಾತು ಬಂದ ಕಾಲದಿಂದ ಅದೇ ಪದ್ಧತಿ, ಆ 24ರಲ್ಲಿ ಸ್ವಲ್ಪ ಮಬ್ಬು, ಸ್ವಲ್ಪ ಕನಸಿನ ಗುಣ ಇರತ್ತೆ, ನಮ್ಮ ಕಣ್ಣು ಅದನ್ನೇ "ಸಿನಿಮಾ" ಅಂತ ಗುರುತು ಹಿಡಿಯೋದು. ಈಗಿನ ಟೀವಿಗಳು ಸೆಕೆಂಡಿಗೆ 60 ಸಲ, 120 ಸಲ ಚಿತ್ರ ಬದಲಾಯಿಸ್ತವೆ, ಮಧ್ಯದ ಖಾಲಿ ತುಂಬೋಕೆ ಎರಡು ಫ್ರೇಮ್ ನಡುವೆ ತಾವೇ ಇನ್ನಷ್ಟು ಫ್ರೇಮ್ ಹುಟ್ಟಿಸಿ ಸೇರಿಸ್ತವೆ. ಕ್ರಿಕೆಟ್‌ಗೆ ಅದು ಸರಿ, ಬಾಲ್ ನುಣ್ಣಗೆ ಓಡತ್ತೆ. ಸಿನಿಮಾಗೆ ಹಾಕಿದ್ರೆ ಕೋಟಿಗಟ್ಟಲೆ ಖರ್ಚು ಮಾಡಿದ ಸೆಟ್ಟು ರಟ್ಟಿನ ಹಾಗೆ ಕಾಣತ್ತೆ. ಇದಕ್ಕೆ ಮೋಷನ್ ಸ್ಮೂದಿಂಗ್ ಅಂತಾರೆ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರತ್ತೆ, ಟೀವಿ ಸೆಟ್ಟಿಂಗ್ಸಲ್ಲಿ ಪಿಕ್ಚರ್ ಅನ್ನೋ ಕಡೆ ಹೋಗಿ "ಮೋಷನ್" ಅಂತ ಎಲ್ಲಿದೆಯೋ ಅದನ್ನ ಆಫ್ ಮಾಡಿ. 2018ರ ಡಿಸೆಂಬರಲ್ಲಿ ಟಾಮ್ ಕ್ರೂಸ್ ಮತ್ತೆ ಡೈರೆಕ್ಟರ್ ಕ್ರಿಸ್ಟೋಫರ್ ಮೆಕ್‌ಕ್ವಾರಿ ಇಬ್ರೂ ನಿಂತು ಇದನ್ನ ಆಫ್ ಮಾಡಿ ಅಂತ ಕೇಳ್ಕೊಂಡು ವಿಡಿಯೊ ಹಾಕಿದ್ರು. ಮಾರನೇ ವರ್ಷ ಕೆಲವು ಟೀವಿ ಕಂಪನಿಗಳು ಸೇರ್ಕೊಂಡು "ಫಿಲ್ಮ್‌ಮೇಕರ್ ಮೋಡ್" ಅಂತ, ಇದನ್ನೆಲ್ಲ ಒಟ್ಟಿಗೆ ಆಫ್ ಮಾಡೋ ಒಂದು ಆಯ್ಕೆ ಘೋಷಿಸಿದ್ವು, ನಿಮ್ಮದರಲ್ಲಿ ಅದಿದ್ರೆ ಇನ್ನೂ ಸುಲಭ.

ಮಾತು ಕೇಳಿಸದೇ ಇದ್ದಿದ್ದೂ ಹೆಚ್ಚುಕಮ್ಮಿ ಹೀಗೇ. ಥಿಯೇಟರಲ್ಲಿ ಮಾತು ಹೆಚ್ಚಾಗಿ ಪರದೆ ಹಿಂದೆ ಮಧ್ಯದಲ್ಲಿರೋ ಸ್ಪೀಕರಿಂದ ಬರತ್ತೆ, ಮ್ಯೂಸಿಕ್ಕು ಸದ್ದು ಎಲ್ಲ ಬೇರೆ ಬೇರೆ ಸ್ಪೀಕರಿಂದ. ಅದನ್ನೆಲ್ಲ ಟೀವಿಯ ಎರಡು ಪುಟ್ಟ ಸ್ಪೀಕರೊಳಗೆ ತುರುಕಿದಾಗ ಬಾಂಬು ಕಿವಿ ಒಡೆಯತ್ತೆ, ಮಾತು ಗೊಣಗಿದ ಹಾಗಾಗತ್ತೆ. ಆಡಿಯೊ ಆಯ್ಕೆಯಲ್ಲಿ 5.1 (ಆರು ಸ್ಪೀಕರಿಗೆ ಅಂತ ಮಾಡಿದ್ದು) ಅಂತಿರೋದನ್ನ ಸ್ಟೀರಿಯೊಗೆ (ಎರಡು ಸ್ಪೀಕರಿಗೆ) ಬದಲಾಯಿಸಿ ನೋಡಿ, ಸುಮಾರು ಸಲ ಅಷ್ಟಕ್ಕೇ ಸರಿ ಹೋಗತ್ತೆ, ಇಲ್ಲಾಂದ್ರೆ ಸಬ್‌ಟೈಟಲ್ ಹಾಕ್ಕೊಳ್ಳಿ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ.

ಇಷ್ಟುದ್ದ ಇದನ್ನ ಹೇಳಿದ್ದು ಯಾಕಂದ್ರೆ ನನಗೂ ಇದರಲ್ಲಿ ಒಂದು ನೋವಿದೆ. ಕೆಲವು ವರ್ಷದ ಹಿಂದೆ ಇದೇ ಪತ್ರಿಕೇಲಿ ಒಂದು ಸಿನಿಮಾ ಬಗ್ಗೆ "ಏನೂ ಕಾಣಲ್ಲ, ಕತ್ತಲೆ ಕತ್ತಲೆ, ಲೈಟಿಂಗ್ ಗೊತ್ತಿಲ್ಲದೋರು ಮಾಡಿದ್ದು" ಅಂತ ಬರೆದಿದ್ದೆ. ನಾನು ಅದನ್ನ ನೋಡಿದ್ದು ಹಾಡಹಗಲು, ಕಿಟಕಿ ತೆಗೆದು, ಟೀವಿ ಗ್ಲಾಸಲ್ಲಿ ನನ್ನ ಮುಖಾನೇ ಕಾಣ್ತಿತ್ತು. ತಿಂಗಳಾದ ಮೇಲೆ ರಾತ್ರಿ ಲೈಟ್ ಆರಿಸಿ ಮತ್ತೆ ನೋಡಿದಾಗ ಆ ಕತ್ತಲೆಯೊಳಗೆ ಒಬ್ಬ ಹೆಂಗಸಿನ ಕೈ ಗೋಡೆ ತಡಕ್ತಾ ಹೋಗೋದು ಕಾಣ್ತು, ಇಡೀ ದೃಶ್ಯ ಇದ್ದಿದ್ದೇ ಆ ಕೈಯಲ್ಲಿ. ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕಿದೆ, ಆದ್ರೆ ಮೊದಲು ಬರೆದಿದ್ದನ್ನ ಓದಿ ಆ ಸಿನಿಮಾ ಬಿಟ್ಟೋರು ತಿದ್ದುಪಡಿ ಓದಿದ್ರೋ ಇಲ್ವೋ. ಅವತ್ತಿಂದ ಯಾವ ಸಿನಿಮಾ ಬಗ್ಗೆ ಬರೆದ್ರೂ ಎಲ್ಲಿ ನೋಡ್ದೆ, ಎಷ್ಟು ಹೊತ್ತಿಗೆ, ಯಾವ ಸ್ಕ್ರೀನಲ್ಲಿ, ಒಂದೇ ಸಲಕ್ಕಾ ಎರಡು ದಿನಕ್ಕಾ ಅಂತ ಮೊದಲ ಸಾಲಲ್ಲೇ ಹೇಳ್ತೀನಿ. ನೀವೂ ಹಾಗೇ ಮಾಡಿ ಅನ್ನೋದು ನನ್ನ ಕೋರಿಕೆ. "ಮೊಬೈಲಲ್ಲಿ, ಮೂರು ಕಂತಲ್ಲಿ, ಒಂದೂವರೆ ಪಟ್ಟು ಸ್ಪೀಡಲ್ಲಿ ನೋಡ್ದೆ, ಬೋರ್ ಹೊಡೀತು" ಅಂತ ಯಾರಾದ್ರೂ ಹೇಳಿದ್ರೆ ನನಗೆ ಕೋಪ ಬರಲ್ಲ, ಅವರು ಪ್ರಾಮಾಣಿಕವಾಗಿ ಹೇಳಿದ್ದಾರೆ, ಎಷ್ಟು ತಗೋಬೇಕು ಅಂತ ನಾನು ಲೆಕ್ಕ ಹಾಕ್ಕೋತೀನಿ. ಬರೀ "ಬೋರ್" ಅಂದ್ರೆ ಮಾತ್ರ ಏನೂ ಗೊತ್ತಾಗಲ್ಲ.

ನಾಲ್ಕನೇದಕ್ಕೆ ನೀವು ಕೊಟ್ಟಿರೋ ಒಂದು ಸ್ಟಾರ್ ವಾಪಸ್ ತಗೊಳ್ಳಿ ಮೇಡಂ. ಆಫ್ ಮಾಡಿದ್ದು ತಪ್ಪಲ್ಲ, ಇಷ್ಟ ಇಲ್ಲದ್ದನ್ನ ಕೊನೇವರೆಗೂ ಸಹಿಸ್ಕೋಬೇಕು ಅಂತ ಯಾರೂ ಕಟ್ಟುಪಾಡು ಹಾಕಿಲ್ಲ. ಆದ್ರೆ 40 ನಿಮಿಷ ನೋಡಿ ಇಡೀ ಸಿನಿಮಾಗೆ ಮಾರ್ಕ್ಸ್ ಹಾಕೋದು ಬೇರೆ. ಹಿಚ್‌ಕಾಕ್ ಅವರ 'ಸೈಕೋ' ತಗೊಳ್ಳಿ, 1960ರದ್ದು. ಅದನ್ನ 40 ನಿಮಿಷಕ್ಕೆ ನಿಲ್ಲಿಸಿದೋರನ್ನ ಕೇಳಿದ್ರೆ, ಆಫೀಸಿನ 40,000 ಡಾಲರ್ ಕದ್ದು ಓಡಿಹೋಗೋ ಹುಡುಗಿ ಕತೆ ಅಂತಾರೆ, ಪಾಪ ಅವರು ಸುಳ್ಳು ಹೇಳ್ತಿಲ್ಲ. ಮುಕ್ಕಾಲು ಗಂಟೆ ದಾಟಿದ ಮೇಲೆ ಏನಾಗತ್ತೆ ಅಂತ ನೋಡಿದೋರಿಗೆ ಗೊತ್ತು, ಆಮೇಲೆ ಆ ದುಡ್ಡಿಗೆ ಅರ್ಥಾನೇ ಉಳಿಯಲ್ಲ. ಅದಕ್ಕೇ ಹಿಚ್‌ಕಾಕ್ ಶೋ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರುಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ರು, ನೋಡಿದೋರಿಗೆ ಕೊನೇದನ್ನ ಬೇರೆಯೋರಿಗೆ ಹೇಳಬೇಡಿ ಅಂತಾನೂ ಕೇಳ್ಕೊಂಡ್ರು. ಮನೇಲಿ ಬಾಗಿಲು ಕಾಯೋರು ಯಾರೂ ಇಲ್ಲ, ರಿಮೋಟ್ ನಮ್ಮ ಕೈಲೇ ಇರತ್ತೆ, ಹಾಗಾಗಿ "40 ನಿಮಿಷ ನೋಡ್ದೆ, ಇಂಥ ಸೀನಲ್ಲಿ ನನ್ನ ಮನಸ್ಸು ಎದ್ದು ಹೋಯ್ತು" ಅಂತ ಬರೆದ್ರೆ ಅದು ಪೂರ್ತಿ ನ್ಯಾಯವಾದ ಅಭಿಪ್ರಾಯ. ಯಾವ ಸೀನಲ್ಲಿ ಅನ್ನೋದು ನನಗೆ ನಿಜವಾಗ್ಲೂ ಬೇಕು.

ಸ್ಟಾರ್ ಬಗ್ಗೆ ಹೇಳಬೇಕು ಅಂದ್ರೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ, ನಮ್ಮ ಪತ್ರಿಕೇಲೂ ಹಾಕಲ್ಲ. ನಿಮ್ಮ ಎರಡು ಸ್ಟಾರು, ನನ್ನ ಎರಡು ಸ್ಟಾರು ಒಂದೇ ಅಲ್ಲ. ನೆಟ್‌ಫ್ಲಿಕ್ಸ್ ಕೂಡ 2017ರಲ್ಲಿ ಐದು ಸ್ಟಾರ್ ತೆಗೆದು ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಅಂತ ಮಾಡ್ತು, ನನ್ನ ಪ್ರಕಾರ ಅದೂ ಅಷ್ಟಕ್ಕಷ್ಟೇ.

ಹೇಗೆ ಹೇಳೋದು ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಅಪ್ಪನ ವಿಷಯ ಹೇಳ್ತೀನಿ. ಅವರಿಗೆ ಕೊನೇ ಒಂದೆರಡು ವರ್ಷ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಕುರ್ಚಿ ಎಳ್ಕೊಂಡು ಟೀವಿ ಹತ್ರ ಕೂತು ಸಿನಿಮಾ ನೋಡೋರು, ಭಾಷೆ ಯಾವುದಾದ್ರೂ ಸರಿ. ಮುಗಿದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಯಾವತ್ತೂ ಹೇಳಿದೋರಲ್ಲ. ಒಂದು ರಾತ್ರಿ ಒಂದು ಕುಟುಂಬದ ಕತೆ ನೋಡ್ತಿದ್ವಿ, ಅದರಲ್ಲಿ ಮಗ ಜಗಳ ಆಡಿ ಮನೆ ಬಿಟ್ಟು ಹೋಗ್ತಾನೆ. ಮುಗಿದು ನಾನು ಸ್ಕ್ರೀನ್‌ಪ್ಲೇ ಲ್ಯಾಗು, ಸೆಕೆಂಡ್ ಹಾಫ್ ಎಳೆದಿದ್ದಾರೆ ಅಂತೆಲ್ಲ ಹೇಳ್ತಿದ್ದೆ, ಅಪ್ಪ ಕೇಳಿಸ್ಕೊಂಡ್ರೋ ಇಲ್ವೋ, ಸ್ವಲ್ಪ ಹೊತ್ತಾದ ಮೇಲೆ, "ಆ ಹುಡುಗ ಅಷ್ಟು ಕೋಪದಲ್ಲಿದ್ದ, ಹೋಗೋವಾಗ ಬಾಗಿಲು ಮೆಲ್ಲಗೆ ಹಾಕಿದ ನೋಡಿದ್ಯಾ" ಅಂದ್ರು. ನಾನು ನೋಡಿರ್ಲಿಲ್ಲ. ವಾಪಸ್ ಹಾಕಿ ನೋಡ್ದೆ. ಹುಡುಗ ಹ್ಯಾಂಡಲ್ ಹಿಡ್ಕೊಂಡು, ಚಿಲಕ ಕೂರೋವರೆಗೂ ಕೈ ಬಿಡದೇ, ಸದ್ದಾಗದ ಹಾಗೆ ಮುಚ್ತಾನೆ, ಒಳಗೆ ಅಮ್ಮ ಮಲಗಿರ್ತಾಳೆ. ಕಿವಿ ಕೇಳದೋರಿಗೆ ಆ ಸದ್ದಿಲ್ಲದ ಬಾಗಿಲು ಹೇಗೆ ಕೇಳಿಸ್ತೋ. ಲ್ಯಾಗು ಅಂತ ನಾನು ಹೇಳಿದ್ದು ಇವತ್ತು ಯಾರಿಗೂ ನೆನಪಿಲ್ಲ, ನನಗೂ ಇಲ್ಲ. ಆ ಬಾಗಿಲು ಮಾತ್ರ ಹಾಗೇ ಇದೆ.

ಅದಕ್ಕೇ ನಮ್ಮಲ್ಲಿಗೆ ಸಿನಿಮಾ ಬಗ್ಗೆ ಬರೆದು ಕಳಿಸೋರಿಗೆಲ್ಲ ನಾನು ಒಂದೇ ಕೇಳೋದು, ನಿಮ್ಮ ಬಾಗಿಲು ಯಾವ್ದು ಹೇಳಿ ಅಂತ. ಕತೆ ನಮಗೆ ಬೇರೆ ಕಡೆ ಸಿಗತ್ತೆ, ಕಲೆಕ್ಷನ್ ಎಷ್ಟಾಯ್ತು ಅಂತ ಹೇಳೋಕೆ ಜನ ಇದ್ದಾರೆ, ಅದ್ಭುತ ಛಾಯಾಗ್ರಹಣ, ಸಹಜ ಅಭಿನಯ ಅನ್ನೋ ರೆಡಿಮೇಡ್ ಮಾತುಗಳನ್ನ ಯಾವ ಸಿನಿಮಾಗೆ ಬೇಕಾದ್ರೂ ಅಂಟಿಸಬಹುದು. ನಿಮ್ಮ ಉಸಿರು ಎಲ್ಲಿ ಕಟ್ಟಿತು, ಫೋನ್ ಬಂದ್ರೂ ಎತ್ತದೇ ಕೂತಿದ್ದು ಯಾವಾಗ, ಮಾರನೇ ದಿನ ಕೆಲಸದ ಮಧ್ಯೆ ನೆನಪಾಗಿದ್ದು ಏನು, ಇದನ್ನ ನಿಮ್ಮನ್ನ ಬಿಟ್ಟು ಇನ್ಯಾರೂ ಹೇಳೋಕೆ ಆಗಲ್ಲ.

ಮಗನ ಮೇಲೆ ಬೇಜಾರು ಮಾಡ್ಕೋಬೇಡಿ. ಅವನು ಸಿನಿಮಾನ ಪ್ರೀತಿಸ್ತಾನೆ ಅಂತ ಅವನ ಮಾತಲ್ಲೇ ಗೊತ್ತಾಗತ್ತೆ, ತಾನು ಇಷ್ಟಪಟ್ಟಿದ್ದನ್ನ ಅಮ್ಮ ಬೇಡ ಅಂದಾಗ ಚುಚ್ಚತ್ತೆ. ಅವನಿಗೆ ಈ ಪುಟ ತೋರಿಸಿ, ಆಮೇಲೆ ಇಬ್ರೂ ಒಟ್ಟಿಗೆ ಕೂತು ಆ ಹನ್ನೆರಡು ಜನರ ಸಿನಿಮಾನ ಇನ್ನೊಂದ್ಸಲ ನೋಡಿ, ಸೀಲಿಂಗ್ ಮೊದಲು ಯಾವಾಗ ಕಾಣತ್ತೆ ಅಂತ ಅವನು ಹುಡುಕ್ಲಿ, ನಿಮಗೆ ಸೆಕೆ ಯಾವಾಗ ಶುರುವಾಗತ್ತೆ ಅಂತ ನೀವು ನೋಡ್ಕೊಳ್ಳಿ. ಅವನಿಗೆ ಅನ್ನಿಸಿದ್ದನ್ನ ಅವನೂ ಬರೆದು ಕಳಿಸಿದ್ರೆ ನಿಮ್ಮಿಬ್ರದ್ದನ್ನೂ ಅಕ್ಕಪಕ್ಕ ಹಾಕ್ತೀನಿ, ಒಂದಕ್ಷರ ತಿದ್ದಲ್ಲ.

ಆಮೇಲೆ ಆ ಐದನೇ ಸಿನಿಮಾ. ನಾಲ್ಕರ ಬಗ್ಗೆ ಅಷ್ಟು ಬರೆದು, ಅದೊಂದಕ್ಕೆ "ಸುಮ್ನೆ ಇಷ್ಟ ಆಯ್ತು" ಅಂತ ಮುಗಿಸಿದೀರಿ, ಹೆಸರೂ ಹೇಳಿಲ್ಲ. ನಿಮ್ಮ ಪತ್ರ ನಾಲ್ಕು ಸಲ ಓದಿದೀನಿ, ಪ್ರತೀ ಸಲ ಅಲ್ಲೇ ನಿಲ್ತೀನಿ. ನೋಟ್‌ಬುಕ್ಕಲ್ಲಿ ಅದಕ್ಕೂ ನಾಲ್ಕು ಸಾಲು ಇರಬೇಕಲ್ವಾ? ಆ ಪುಟ ಹಾಗೇ ಕಳಿಸಿ, ಮುಂದಿನ ಸಂಚಿಕೆಗೆ ಅರ್ಧ ಪುಟ ಖಾಲಿ ಬಿಟ್ಟಿರ್ತೀನಿ.